ಚಿಕ್ಕೋಡಿಯಿಂದ ಬಂದ ದ್ರಾಕ್ಷಿ ಬಳ್ಳಿ

ಚಿಕ್ಕೋಡಿಯಿಂದ ಹೊರಡುವಾಗ ಹಚ್ಚಗೆ ಹಸಿರಾಗಿದ್ದ ದ್ರಾಕ್ಷಿ ಬಳ್ಳಿ ಅಥಣಿಗೆ ಬಂದು ಮುಟ್ಟುವಷ್ಟರಲ್ಲಿ ಕರ್ರಗಾಗಿತ್ತು. ಎಲೆಗಳಿದ್ದ ಕಡೆ ಕರಿ ಚೌಕಗಳು, ಗೊಂಚಲಿದ್ದ ಕಡೆ ಕುರಿ ಹಿಂಡು ಹಾದುಹೋದ ದಾರಿಯಲ್ಲಿ ಕಾಣುವಂಥ ಸಣ್ಣ ಕರಿ ಉಂಡೆಗಳು. ಕಂಪ್ಯೂಟರಿನ ಮುಂದೆ ಕೂತಿದ್ದ ಜಿನೇಂದ್ರ ಚೌಗಲಾ ಅದನ್ನು ನೋಡಿ ತಲೆ ಚಚ್ಚಿಕೊಳ್ಳಬೇಕಾಗಿತ್ತು. ಅದರ ಬದಲು ಅವನ ಮುಖದ ಮೇಲೆ ನಗೆಯೊಂದು ಕಳ್ಳಹೆಜ್ಜೆ ಇಟ್ಟು ಬಂದು ಕೂತಿತು.

ಈ ಬಳ್ಳಿ ಮಣ್ಣಿನಲ್ಲಿ ಬೆಳೆದದ್ದಲ್ಲ. ಚಿಕ್ಕೋಡಿಯಲ್ಲಿ ತ್ರಿಶಲಾ ಎಂಬಾಕೆ ನಡೆಸುವ ತ್ರಿಶಲಾ ಗ್ರಾಫಿಕ್ಸಿನವರು ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಬಿಡಿಸಿ ಕಳಿಸಿದ ಚಿತ್ರ. ಊರಿನ ದ್ರಾಕ್ಷಿ ಬೆಳೆಗಾರರ ಸಂಘದವರು ತರುತ್ತಿದ್ದ ಕೈಪಿಡಿಯ ಪ್ರತಿ ಪುಟದ ಸುತ್ತ ಅದು ಹಬ್ಬಬೇಕಾಗಿತ್ತು. ಜಿನೇಂದ್ರನದು ಅಕ್ಷರ ಜೋಡಿಸಿ ಪುಟ ಕಟ್ಟುವ ಡಿಟಿಪಿ ಅಂಗಡಿ. ಪುಟ ಕಟ್ಟುವ ಸಾಫ್ಟ್‌ವೇರು ಬೇರೆ. ಈ ಎರಡು ಸಾಫ್ಟ್‌ವೇರುಗಳದು ಅತ್ತೆ-ಸೊಸೆಯ ಸಂಬಂಧ. ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರು ಕೊಟ್ಟ ಹಾಗೆ ತೆಗೆದುಕೊಂಡರೆ ಅಂದು ಮಳೆ ಬರುತ್ತದೆ. ಅಲ್ಲಿ ಮೆತ್ತಗಿದ್ದ ನೆರಳು ಇಲ್ಲಿ ಡಾಂಬರಾಗುತ್ತದೆ, ಅಲ್ಲಿ ‘ಶುಭವಿವಾಹ’ ಎಂದಿದ್ದ ಅಕ್ಷರ ಇಲ್ಲಿ ಎರೆಹುಳುಗಳ ಜಾತ್ರೆಯಾಗುತ್ತದೆ.

ಇಂಥ ಸಣ್ಣಪುಟ್ಟ ಕೆಡುಕನ್ನು ಒಂದು ಕಪ್ ಚಹಾ ಆರುವಷ್ಟರಲ್ಲಿ ಸರಿಮಾಡುವ ವಿದ್ಯೆ ಜಿನೇಂದ್ರನಿಗೆ ಗೊತ್ತಿತ್ತು. ಆದರೆ ತಾನೇ ಸರಿಮಾಡಿಬಿಟ್ಟರೆ ಚಿಕ್ಕೋಡಿಗೆ ಮೆಸೇಜು ಹಾಕುವುದು ಯಾವ ನೆಪದಿಂದ? ಹಾಗಾಗಿ ಅವನು ಪ್ರತಿ ಸಲವೂ ‘ಹಿನ್ನೆಲಿ ಕರಿ ಬಂದೈತ್ರಿ, ಮತ್ತೊಮ್ಮೆ ಕಳಸ್ರಿ’ ಎಂದು ಬರೆಯುತ್ತಿದ್ದ. ಬರೆದು ಬೆರಳು ತೆಗೆಯುವುದರೊಳಗೆ ಉತ್ತರ ಬರುತ್ತಿತ್ತು: ‘ಊಟ ಆತೇನ್ರಿ? ಸ್ವಲ್ಪ ತಡೀರಿ, ಮಾತಾಡ್ತೇನಿ.’

ಆಮೇಲೆ ಯಾರೂ ಮಾತಾಡುತ್ತಿರಲಿಲ್ಲ, ಸರಿಪಡಿಸಿದ ಫೈಲು ಮಾತ್ರ ಬಂದು ಬೀಳುತ್ತಿತ್ತು. ಅದಕ್ಕೇನು? ತಾಯಿ ತೀರಿಕೊಂಡ ಮೇಲೆ ಜಿನೇಂದ್ರನಿಗೆ ಊಟವಾಯಿತೇ ಎಂದು ಕೇಳಿದವರು ಭೂಮಿಯ ಮೇಲೆ ಬೇರೆ ಯಾರೂ ಇರಲಿಲ್ಲ. ಓಣಿಯಲ್ಲಿ ನಡೆದ ಎಲ್ಲ ಮದುವೆಗಳ ಪತ್ರಿಕೆಯನ್ನೂ ಅವನೇ ಜೋಡಿಸಿದ್ದ; ನಲವತ್ತರ ಹತ್ತಿರ ಬಂದಿದ್ದರೂ ಅವನ ಹೆಸರಿನ ಮೊದಲು ‘ಚಿ.’ ಹಾಕುವ ಪ್ರಸಂಗ ಮಾತ್ರ ಬಂದಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಸ್ಟವ್, ಒಂದು ಹಾಸಿಗೆ, ಒಂದು ತಾಟು. ಎರಡನೆಯ ತಾಟು ಎಲ್ಲಿ ಹೋಯಿತೆಂದು ಅವನು ಹುಡುಕಿಯೂ ಇರಲಿಲ್ಲ.

ಹೀಗಾಗಿ ಆ ಮೆಸೇಜಿಗೆ ಅವನು ತನ್ನದೇ ಅರ್ಥಗಳನ್ನು ಕಟ್ಟಿಕೊಂಡಿದ್ದ. ಬೆಳಿಗ್ಗೆ ಅಂಗಡಿ ತೆರೆಯುವಾಗ ‘ಊಟ ಆತೇನ್ರಿ’ ಎಂದು ಬಂದರೆ, ಚಿಕ್ಕೋಡಿ ಕಡೆ ನಾಷ್ಟಾಕ್ಕೂ ಊಟವೆನ್ನುತ್ತಾರೇನೋ ಎಂದುಕೊಳ್ಳುತ್ತಿದ್ದ. ಸಂಜೆ ಬಂದರೆ, ನಮ್ಮ ಜೈನ ಮಂದಿ ಹೊತ್ತು ಮುಳುಗುವುದರೊಳಗೆ ಉಣ್ಣಬೇಕಲ್ಲ, ಅದಕ್ಕೇ ನೆನಪು ಮಾಡುತ್ತಾಳೆ ಎಂದು ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದ.

ಆದರೆ ಇವತ್ತಿನ ಬಳ್ಳಿಯ ಕತೆ ಬೇರೆ. ಈ ಸಲ ಕೆಡುಕು ನಿಜವಾಗಿಯೂ ದೊಡ್ಡದು. ನೆರಳು, ಎಲೆ, ಗೊಂಚಲು ಎಲ್ಲ ಒಂದರಲ್ಲೊಂದು ಅಂಟಿಕೊಂಡು ಬಂದಿದ್ದವು. ತ್ರಿಶಲಾಳ ಕಂಪ್ಯೂಟರಿನಲ್ಲಿದ್ದ ಮೂಲ ಫೈಲು ಸಿಗದ ಹೊರತು ಬ್ರಹ್ಮ ಬಂದರೂ ಬಿಡಿಸುವಂತಿರಲಿಲ್ಲ. ಅದು ಸಾಲದೆಂದು ಸಂಘದ ಕಾರ್ಯದರ್ಶಿ ತಾತ್ಯಾಸಾಹೇಬರು ಬೆಳಿಗ್ಗೆಯೇ ಬಂದು ಸ್ಟೂಲಿನ ಮೇಲೆ ಕೂತಿದ್ದರು. ದ್ರಾಕ್ಷಿಗೆ ಔಷಧ ಹೊಡೆಸುವುದಾಗಲಿ, ಪುಸ್ತಕ ಮಾಡಿಸುವುದಾಗಲಿ, ತಲೆಯ ಮೇಲೆ ನಿಂತೇ ಮಾಡಿಸಬೇಕೆಂಬುದು ಅವರ ಸಿದ್ಧಾಂತ.

“ಏನಲೇ ಜಿನ್ಯಾ, ಇದೇನು ದ್ರಾಕ್ಷಿನೋ, ಕುರಿ ಹಿಕ್ಕಿನೋ?”

“ಕಾಕಾ, ಚಿತ್ರದ ನೆರಳು ಇಲ್ಲಿ ಬಂದ ಮ್ಯಾಲ ಕರಿ ಆಗೇತ್ರಿ. ಮೂಲ ಫೈಲ್ ಅವರ ಕಡೆ ಐತಿ. ಅದು ಬಂದ್ರ ಸರಿ ಮಾಡ್ತೇನಿ.”

“ಸಂಜೀಕ ಮಿರಜಿನ ಪ್ರೆಸ್ಸಿಗೆ ಹೋಗಬೇಕು. ರವಿವಾರ ಸಭಾ ಐತಿ. ಬಂದ ಮಂದಿ ಕೈಯಾಗ ಇದನ್ನ ಕೊಟ್ರ ನನ್ನ ಟೋಪಿ ಹಾರಸ್ತಾರ. ಫೋನ್ ಹಚ್ಚು.”

ಜಿನೇಂದ್ರ ಎಂದೂ ಫೋನು ಮಾಡಿದವನಲ್ಲ. ಮೊದಲು ಮೆಸೇಜು ಹಾಕಿದ. ತಕ್ಷಣ ಟಿಣ್ ಎಂದಿತು. ಅವನ ಮುಖ ಅರಳಿದ್ದನ್ನು ಕಂಡ ತಾತ್ಯಾಸಾಹೇಬರು ಫೋನನ್ನು ಕಸಿದುಕೊಂಡು, ಕನ್ನಡಕ ಹಣೆಗೇರಿಸಿ, ಓಣಿಗೆಲ್ಲ ಕೇಳುವಂತೆ ಓದಿದರು.

“ಊಟ ಆತೇನ್ರಿ! ಯಾರಲೇ ಇಕಿ? ನಮ್ಮನಿಯಾಕಿ ನನಗ ಹಿಂಗ ಕೇಳಿ ಎಷ್ಟ ವರ್ಷ ಆತೋ!”

ಪಕ್ಕದ ಮನೆಯ ತಾರಾಬಾಯಿಯವರಿಗೆ ಗೋಡೆಯಾಚೆ ಯಾರಾದರೂ ಸೀನಿದರೂ ಕೇಳುತ್ತದೆ. ಜೋಳದ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬಂದರು. ಓಣಿಯಲ್ಲಿ ಅರ್ಧ ಸಂಬಂಧಗಳನ್ನು ಕೂಡಿಸಿದವರು ಅವರೇ. ಜಿನೇಂದ್ರನೊಬ್ಬ ಮಾತ್ರ ಅವರ ಕೈ ತಪ್ಪಿ ಉಳಿದಿದ್ದ, ಅಟ್ಟದ ಮೇಲೆ ಮರೆತ ಉಪ್ಪಿನಕಾಯಿ ಭರಣಿಯಂತೆ.

“ಮದವಿ ಆಗೇತೇನ ಅಕಿದು?” ತಾರಾಬಾಯಿ ವಿಚಾರಣೆ ಶುರು ಮಾಡಿದರು.

“ಗೊತ್ತಿಲ್ರಿ ಮಾವಶಿ.”

“ಯಾರ ಪೈಕಿ?”

“ಗೊತ್ತಿಲ್ಲ.”

“ನೋಡಾಕ ಹೆಂಗದಾಳ?”

“ನೋಡಿಲ್ರಿ.”

“ಮತ್ತ ಏನ ಗೊತ್ತೈತೋ ನಿನಗ?”

ಜಿನೇಂದ್ರ ಸ್ವಲ್ಪ ಯೋಚಿಸಿದ. “ಎಲಿ ಭಾಳ ಚಂದ ಬಿಡಸ್ತಾಳ್ರಿ.”

ತಾರಾಬಾಯಿ ಹಿಟ್ಟಿನ ಕೈಯಿಂದಲೇ ಹಣೆ ಬಡಿದುಕೊಂಡರು. ತ್ರಿಶಲಾ ಎಂಬ ಹೆಸರೇ ನಮ್ಮ ಮಂದಿಯೆಂದು ಸಾರಿ ಹೇಳುತ್ತಿದೆ, ಹೊತ್ತುಹೊತ್ತಿಗೆ ಊಟ ಕೇಳುವ ಹುಡುಗಿಯನ್ನು ಬಿಟ್ಟು ಈ ಮಂಕ ನೆರಳು ಕರಿಯಾಯಿತು, ಹಿನ್ನೆಲೆ ಕರಿಯಾಯಿತು ಎಂದು ಕೂತಿದ್ದಾನೆ ಎಂದು ಬೈದರು. ಅಷ್ಟರಲ್ಲಿ ತಾತ್ಯಾಸಾಹೇಬರು ಅದೇ ಫೋನಿನಿಂದ ಚಿಕ್ಕೋಡಿಗೆ ಹಚ್ಚಿ ನೋಡಿದ್ದರು. ಆ ಕಡೆ ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದರು. ಎತ್ತಲಿಲ್ಲ.

“ನಡಿ, ಚಿಕ್ಕೋಡಿಗೇ ಹೋಗೂಣು. ಏನ ಲಂಡನ್ನ ಅದು?” ಎಂದು ಎದ್ದೇಬಿಟ್ಟರು. “ಶೀತಲಗ ಗಾಡಿ ತರಾಕ ಹೇಳ್ತೇನಿ.”

“ನಾನೂ ಬರ್ತೇನಿ,” ತಾರಾಬಾಯಿ ಸೆರಗು ಸಿಗಿಸಿದರು. “ನೀವ ಫೈಲ್ ನೋಡ್ರಿ, ನಾ ಹುಡುಗಿ ನೋಡ್ತೇನಿ.”

ಜಿನೇಂದ್ರ ಬೇಡವೆಂದು ಹೇಳಲು ಬಾಯಿ ತೆರೆದ. ಆ ಬಾಯಿ ತೆರೆದಿರುವಾಗಲೇ ತಾರಾಬಾಯಿ ಅವನ ತಲೆಗೆ ಒಂದು ಬೊಗಸೆ ಕೊಬ್ಬರಿ ಎಣ್ಣೆ ಸುರಿದು ತಿಕ್ಕತೊಡಗಿದ್ದರು. ಹೀಗೆ ತಲೆ ಮುಟ್ಟಿದವರೂ ತಾಯಿಯ ನಂತರ ಇವರೇ ಮೊದಲಿಗರು. ಅವನು ಸುಮ್ಮನೆ ಕಣ್ಣು ಮುಚ್ಚಿ ನಿಂತ.

ಶೀತಲ ಎಂದರೆ ತಾತ್ಯಾಸಾಹೇಬರ ಮಗ. ದ್ರಾಕ್ಷಿ ತೋಟ ನೋಡಿಕೊಳ್ಳುವ ಗಟ್ಟಿಮುಟ್ಟಾದ ಹುಡುಗ, ಬಾಯಿಗೆ ಬ್ರೇಕಿಲ್ಲ. ನೆಂಟರ ಮನೆಯಲ್ಲಿ ಮಗುವಿನ ಕೂದಲು ತೆಗೆಸುವ ಜವಳದ ಊಟಕ್ಕೆ ಹೊರಟವನು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಗಾಡಿ ತಂದ. ಗಾಡಿಯೆಂದರೆ ದ್ರಾಕ್ಷಿ ಕ್ರೇಟು ಸಾಗಿಸುವ ಪಿಕಪ್ಪು. ಮುಂದೆ ಮೂವರಿಗೆ ಮಾತ್ರ ಜಾಗ.

“ಪೆನ್ ಡ್ರೈವ್ ತಗೊಂಡ್ರ ಸಾಕಲ್ರಿ ಕಾಕಾ,” ಎಂದ ಜಿನೇಂದ್ರ.

“ಬ್ಯಾಡ ಬ್ಯಾಡ. ಅಲ್ಲಿ ಹಸರ ಇದ್ದದ್ದು ಇಲ್ಲಿ ಬರೂದ್ರಾಗ ಮತ್ತ ಕರಿ ಆದ್ರ? ಕಂಪ್ಯೂಟರಿನ ಡಬ್ಬಿನ ತಗೊ. ಅಲ್ಲೇ ಹಾಕಿ, ಅಲ್ಲೇ ನೋಡಿ, ಅಲ್ಲಿಂದನ ಮಿರಜಿಗೆ ಕಳಸು.”

ಹೀಗೆ ಮದುಮಗನಾಗಲಿದ್ದವನು ಎಣ್ಣೆ ಸೋರುವ ತಲೆಗೆ ಟಾವೆಲ್ಲು ಸುತ್ತಿಕೊಂಡು, ಕಂಪ್ಯೂಟರಿನ ಡಬ್ಬಿಯನ್ನು ಎದೆಗವುಚಿಕೊಂಡು, ಪಿಕಪ್ಪಿನ ಹಿಂದೆ ಖಾಲಿ ಕ್ರೇಟುಗಳ ನಡುವೆ ಕೂತ. ಅದು ಕಬ್ಬಿನ ಸೀಸನ್ನು. ಊರು ಬಿಡುವ ಮೊದಲೇ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರೊಂದು ಮುಂದೆ ಸಿಕ್ಕು, ಮರಾಠಿ ಹಾಡನ್ನು ಕಿವಿ ಹರಿಯುವಂತೆ ಹಚ್ಚಿಕೊಂಡು, ಆನೆಯ ಮೆರವಣಿಗೆಯಂತೆ ಸಾಗಿತು. ಅದರ ಹಿಂದೆ ಇವರು. ಕಬ್ಬಿನ ಒಣಗರಿಯ ರವದಿ ಹಾರಿ ಬಂದು ಜಿನೇಂದ್ರನ ಎಣ್ಣೆ ಮುಖಕ್ಕೆ ಅಂಟಿಕೊಂಡಿತು. ಧೂಳು ಅದರ ಮೇಲೆ ಕೂತಿತು. ಕೃಷ್ಣಾ ದಾಟುವ ಹೊತ್ತಿಗೆ ಅವನ ಹುಬ್ಬು ಯಾವುದು, ರವದಿ ಯಾವುದು ಎಂದು ಹೇಳುವಂತಿರಲಿಲ್ಲ.

ಮುಂದಿನ ಕ್ಯಾಬಿನ್ನಿನ ಸಣ್ಣ ಗಾಜಿನೊಳಗೆ ಮೂರು ತಲೆಗಳು ಕಾಣುತ್ತಿದ್ದವು. ಶೀತಲ ಏನೋ ಹೇಳುತ್ತಿದ್ದ, ಉಳಿದೆರಡು ತಲೆಗಳು ಹಿಂದಕ್ಕೆ ವಾಲಿ ನಗುತ್ತಿದ್ದವು. ಮಾತು ಮಾತ್ರ ಕೇಳಿಸುತ್ತಿರಲಿಲ್ಲ. ಜಿನೇಂದ್ರನೂ ಒಂದೆರಡು ಸಲ ಅವರ ಜೊತೆ ನಕ್ಕ. ಗಾಜಿನ ಈಚೆ ನಗುವುದು ಬಹಳ ಹೊತ್ತು ಆಗುವುದಿಲ್ಲ. ಆಮೇಲೆ ಅವನು ತನ್ನ ಮಾತನ್ನು ತಾಲೀಮು ಮಾಡತೊಡಗಿದ. ‘ನಮಸ್ಕಾರ್ರಿ. ನಾನ ಜಿನೇಂದ್ರ. ಊಟ ಆಗೇತ್ರಿ.’ ಒಮ್ಮೆ ಗಂಭೀರವಾಗಿ ಅಂದು ನೋಡಿದ, ಒಮ್ಮೆ ನಗುತ್ತ ಅಂದ. ರಾಯಬಾಗ ಬರುವ ಹೊತ್ತಿಗೆ ‘ನಿಮ್ಮದಾತೇನ್ರಿ?’ ಎಂದು ಕೊನೆಗೊಂದು ಮಾತು ಸೇರಿಸಿದ. ಅದು ಬಹಳ ಚೆನ್ನಾಗಿದೆ ಎನ್ನಿಸಿ, ಡಬ್ಬಿಯನ್ನು ಇನ್ನಷ್ಟು ಗಟ್ಟಿಯಾಗಿ ಅಪ್ಪಿಕೊಂಡ.

ಚಿಕ್ಕೋಡಿಯ ಒಂದು ಓಣಿಯಲ್ಲಿ ಮನೆಯ ಬಾಗಿಲಿಗೇ ‘ತ್ರಿಶಲಾ ಗ್ರಾಫಿಕ್ಸ್’ ಎಂದು ಬೋರ್ಡು ಇತ್ತು. ಸುತ್ತ ಅಂಚಿಗೆ ಹೂಬಳ್ಳಿ. ಹೊಸ್ತಿಲಲ್ಲಿ ಹುಡುಗಿಯ ತಾಯಿ ಪದ್ಮವ್ವ ಅಕ್ಕಿ ಹಸನು ಮಾಡುತ್ತ ಕೂತಿದ್ದರು.

“ಜೈ ಜಿನೇಂದ್ರ,” ತಾತ್ಯಾಸಾಹೇಬರು ಜೈನರ ವಾಡಿಕೆಯಂತೆ ನಮಸ್ಕಾರ ಹೇಳಿ ಕೈಮುಗಿದರು.

“ಜೈ ಜಿನೇಂದ್ರ,” ಪದ್ಮವ್ವನೂ ಎದ್ದು ಮುಗಿದರು.

ತಾರಾಬಾಯಿ ತಡಮಾಡದೆ ಕೆಲಸಕ್ಕಿಳಿದರು. “ಅಥಣಿಯಿಂದ ಬಂದೇವ್ರಿ. ಹುಡುಗಿ ವಿಚಾರ ಇತ್ತು. ಈಂವನ ನೋಡ್ರಿ ನಮ್ಮ ಜಿನೇಂದ್ರ,” ಎನ್ನುತ್ತ ಹಿಂದೆ ತಿರುಗಿ ಕೈ ತೋರಿಸಿದರು. ಜಿನೇಂದ್ರ ಆಗ ಪಿಕಪ್ಪಿನ ಹಿಂದೆ ಬಾಗಿ ಡಬ್ಬಿ ಇಳಿಸುತ್ತಿದ್ದ. ತಾರಾಬಾಯಿಯ ಬೆರಳು ಹೋದ ದಿಕ್ಕಿನಲ್ಲಿ ಶೀತಲ ಬಿಳಿ ಅಂಗಿಯ ಕಾಲರು ನೆಟ್ಟಗೆ ಮಾಡಿಕೊಳ್ಳುತ್ತ ನಿಂತಿದ್ದ.

“ಜೈ ಜಿನೇಂದ್ರ, ಜೈ ಜಿನೇಂದ್ರ,” ಎಂದು ಪದ್ಮವ್ವ ಅವನಿಗೂ ಕೈಮುಗಿದರು. “ಬರ್ರಿ, ಒಳಗ ಬರ್ರಿ.”

“ಬಂದೇರಿ,” ಎಂದು ಹಿಂದಿನಿಂದ ನಿಜವಾದ ಜಿನೇಂದ್ರ ಓಗೊಟ್ಟ. ಹುಟ್ಟಿದಾಗಿನಿಂದ ಅವನ ಪಾಡು ಇದೇ. ಇಬ್ಬರು ಜೈನರು ಎದುರಾದರೆ ತನ್ನನ್ನೇ ಕರೆದರೆಂದು ಓಗೊಡುವುದು, ಯಾರೂ ಕರೆದಿಲ್ಲವೆಂದು ತಿಳಿದು ಸುಮ್ಮನಾಗುವುದು.

ಪದ್ಮವ್ವ ಅವನತ್ತ ನೋಡಿದರು. ತಲೆಗೆ ಟಾವೆಲ್ಲು, ಮುಖಕ್ಕೆ ರವದಿ, ಕೈಯಲ್ಲಿ ಡಬ್ಬಿ. “ಕಂಪ್ಯೂಟರ್ ರಿಪೇರಿಯಾವ ಏನಪಾ? ಚಲೋ ಆತು. ಒಳಗಿನ ಖೋಲ್ಯಾಗ ಐತಿ ನೋಡು. ಕಾಲ ಝಾಡಿಸ್ಕೊಂಡ ಹೋಗು.”

ಹೊರಗಿನ ಕೋಣೆಯಲ್ಲಿ ಚಾಪೆ ಹಾಸುವ ಗಡಿಬಿಡಿ. ಜಿನೇಂದ್ರ ಕಾಲು ಝಾಡಿಸಿಕೊಂಡು ಒಳಗೆ ಹೋದ.

ಕಂಪ್ಯೂಟರಿನ ಮುಂದೆ ಮೂವತ್ತರ ಸುಮಾರಿನ ಹೆಂಗಸೊಬ್ಬಳು ಕೂತಿದ್ದಳು. ದುಂಡು ಮುಖ, ಕಣ್ಣಿನ ಕೆಳಗೆ ದಣಿವು. ಅವಳು ತಿರುಗಿ ನೋಡಿದಳು. ಕೃಷ್ಣೆಯಿಂದ ರಾಯಬಾಗದವರೆಗೆ ತಾಲೀಮು ಮಾಡಿದ ಮಾತೆಲ್ಲ ಪಿಕಪ್ಪಿನ ಕ್ರೇಟುಗಳ ನಡುವೆಯೇ ಉಳಿದುಬಿಟ್ಟಿತ್ತು.

“ಯಾರ್ರಿ?”

“ನಾನರಿ… ಅಥಣಿ… ಕರಿ ಬಳ್ಳಿ,” ಎಂದ.

ಅವಳು ಧಡಕ್ಕನೆ ಎದ್ದು ನಿಂತಳು. “ಚೌಗಲಾ ಡಿಟಿಪಿ? ಅಯ್ಯ ದೇವರ! ಇಲ್ಲೀತನಕ ಬಂದ್ರ್ಯಾ? ಸಿಟ್ಟಾಗಬ್ಯಾಡ್ರಿ. ಫೋನ್ ಬಂದಿತ್ರಿ, ನಿಮ್ಮ ನಂಬರ್ ನೋಡೇ ಎತ್ತಲಿಲ್ಲ.”

“ಯಾಕ್ರಿ?”

“ನಿಮ್ಮ ಮೆಸೇಜ್ ಬಂತಂದ್ರ ನನ್ನ ಎದಿ ಧಸಕ್ ಅಂತೈತ್ರಿ. ಮತ್ತೇನ ತಪ್ಪ ಆತೋ, ಮತ್ತೇನ ಕರಿ ಆತೋ ಅಂತ. ಬ್ಯಾರೆ ಯಾವ ಗಿರಾಕಿನೂ ಇಷ್ಟ ತಪ್ಪ ಹಿಡಿಯಂಗಿಲ್ಲ. ನನಗ ಕೆಲಸಾನ ಬರಂಗಿಲ್ಲೋ ಏನೋ ಅನಸತಿತ್ತು.”

ಜಿನೇಂದ್ರನಿಗೆ ಹೇಳಬೇಕಾದದ್ದು ಬಹಳವಿತ್ತು. ನಿಮ್ಮಷ್ಟು ಚಂದ ಎಲೆ ಬಿಡಿಸುವವರನ್ನು ಈ ಸೀಮೆಯಲ್ಲೇ ನೋಡಿಲ್ಲ ಎನ್ನಬೇಕಾಗಿತ್ತು. ಆ ತಪ್ಪುಗಳಲ್ಲಿ ಮುಕ್ಕಾಲು ಪಾಲು ತಪ್ಪುಗಳೇ ಅಲ್ಲ, ಅವು ನನ್ನ ಮಾತಿನ ನೆಪಗಳು ಎನ್ನಬೇಕಾಗಿತ್ತು. ಅವನ ಬಾಯಿಂದ ಬಂದದ್ದು ಮಾತ್ರ, “ನೆರಳು ಬ್ಯಾರೆ ಮಾಡಿದ್ರ ಸರಿ ಹೋಗತೈತ್ರಿ.”

“ನೀವ ಮಾಡ್ರಿ,” ಎಂದು ಅವಳು ಕುರ್ಚಿ ಬಿಟ್ಟುಕೊಟ್ಟಳು. “ಮೂಲ ಫೈಲ್ ಇಲ್ಲೇ ಐತಿ. ನಾ ಚಾ ಮಾಡ್ತೇನಿ, ಹೊರಗ ಯಾರೋ ಬಂದಾರಂತ.” ಗುರುಗಳ ಕೈಯಿಂದ ತಪ್ಪಿಸಿಕೊಂಡ ಹುಡುಗಿಯಂತೆ ಹೊರಟುಹೋದಳು.

ಜಿನೇಂದ್ರ ಕುರ್ಚಿಯಲ್ಲಿ ಕೂತ. ಫೈಲು ತೆರೆದರೆ ಬಳ್ಳಿ ಪರದೆಯ ತುಂಬ ಹಸಿರಾಗಿ ಹಬ್ಬಿತ್ತು. ಪ್ರತಿ ಎಲೆಗೂ ನರ, ಪ್ರತಿ ದ್ರಾಕ್ಷಿಗೂ ಬೆಳಕಿನದೊಂದು ಚುಕ್ಕೆ. ಅವನು ನೆರಳನ್ನು ಒಂದೊಂದೇ ಎಲೆಯಿಂದ ಬಿಡಿಸುತ್ತ ಹೋದ. ನಿದ್ದೆಯಲ್ಲಿರುವವರ ಹೊದಿಕೆ ಸರಿಸುವಷ್ಟು ಮೆಲ್ಲಗೆ. ಹೊರಗೆ ತಾತ್ಯಾಸಾಹೇಬರ ದೊಡ್ಡ ದನಿ, ಶೀತಲನ ಮಾತಿನ ಮಳೆ, ನಡುನಡುವೆ ನಗು. ಒಂದು ಹೆಣ್ಣುದನಿಯೂ ನಗುತ್ತಿತ್ತು. ತನ್ನ ವಿಷಯವನ್ನು ತಾರಾಬಾಯಿ ಎಷ್ಟು ಚೆನ್ನಾಗಿ ಮಾತಾಡುತ್ತಿರಬೇಕು ಎಂದುಕೊಂಡ.

ಪರದೆಯ ಮೂಲೆಯಲ್ಲಿ ಅವಳ ಫೋನಿನ ಮೆಸೇಜುಗಳೂ ತೆರೆದಿದ್ದವು. ಟಿಣ್ ಎಂದು ಒಂದು ಬಂತು. ‘ಬ್ಯಾನರ್ ಈಶ್ವರ: ಅಕ್ಕಾ, ಫ್ಲೆಕ್ಸ್ ಡಿಸೈನ್ ಆತೇನ್ರಿ?’ ಓದಬಾರದೆಂದು ಜಿನೇಂದ್ರ ಕಣ್ಣು ಸರಿಸುವಷ್ಟರಲ್ಲಿ, ಯಾರೂ ಮುಟ್ಟದೆಯೇ, ಅದರ ಕೆಳಗೆ ಉತ್ತರ ಬಂದು ಕೂತಿತು. ‘ಊಟ ಆತೇನ್ರಿ? ಸ್ವಲ್ಪ ತಡೀರಿ, ಮಾತಾಡ್ತೇನಿ.’

ಅವಳು ಅಡುಗೆಮನೆಯಿಂದಲೇ ಫ್ಲೆಕ್ಸಿನವನಿಗೆ ಉತ್ತರ ಹಾಕಿದಳೇ? ಅವನ ಕೈ ನಿಂತಿತು. ಮತ್ತೆ ಟಿಣ್. ಈ ಸಲ ಯಾರೋ ಹಾಲಿನ ಡೇರಿಯವರು. ಅವರಿಗೂ ಊಟವಾಯಿತೇ ಎಂದು ಕೇಳಲಾಯಿತು. ಮೂರನೆಯದು ಸಾಲ ಬೇಕೇ ಎಂದು ಊರಿಗೆಲ್ಲ ಹೋಗುವ ಜಾಹೀರಾತು. ಅದಕ್ಕೂ ಊಟದ ವಿಚಾರಣೆಯಾಯಿತು.

ಅಷ್ಟರಲ್ಲಿ ತ್ರಿಶಲಾ ಎರಡೂ ಕೈಯಲ್ಲಿ ಚಹಾದ ತಬಕು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಇದು… ತಾನ ಹೋಗತೈತೇನ್ರಿ?” ಜಿನೇಂದ್ರ ಪರದೆಯತ್ತ ಕೈ ತೋರಿಸಿದ.

“ಹ್ಞೂಂ ಮತ್ತ. ಫೋನ್ ರಿಪೇರಿ ಅಂಗಡಿಯಾಂವ ಹಚ್ಚಿ ಕೊಟ್ಟಾನ್ರಿ. ಬರೇ ತಡೀರಿ ಅಂದ್ರ ಗಿರಾಕಿ ಸಿಟ್ಟಾಗ್ತಾರ, ಊಟ ಆತೇನ ಅಂದ್ರ ತಣ್ಣಗಾಗ್ತಾರ ಅಂದ. ಅಂವನ ಬರದಾನ. ನಾ ಅದನ್ನ ತಗಿಯೂದು ಹೆಂಗಂತ ಸೈತ ಕಲ್ತಿಲ್ಲ.”

ಅವಳು ಒಂದು ಕಪ್ಪು ಅಲ್ಲಿಟ್ಟು ಹೊರಗೆ ಹೋದಳು. ಜಿನೇಂದ್ರ ಆ ಕಪ್ಪನ್ನು ನೋಡುತ್ತ ಕೂತ. ಇಷ್ಟು ದಿನ ತನ್ನ ಹಸಿವಿನ ಚಿಂತೆ ಮಾಡಿದವನು ಚಿಕ್ಕೋಡಿಯ ಯಾವುದೋ ಓಣಿಯಲ್ಲಿ ಮೊಬೈಲು ಬಿಚ್ಚಿ ಕೂಡಿಸುವ, ಬಹುಶಃ ಗಡ್ಡಮೀಸೆ ಇರುವ ಗಂಡಸು. ಅವನಿಗೂ ತನ್ನ ಪರಿಚಯವಿಲ್ಲ. ಚಹಾ ಕೆನೆಗಟ್ಟಿತು. ಏನು ಮಾಡಬೇಕೆಂದು ತೋಚದೆ, ಬಂದ ಕೆಲಸವನ್ನಾದರೂ ಮುಗಿಸೋಣವೆಂದು ಉಳಿದ ಎಲೆಗಳ ನೆರಳು ಬಿಡಿಸಿದ. ತನ್ನ ಡಬ್ಬಿಗೆ ಹಾಕಿ ಪುಟದಲ್ಲಿ ತಂದು ನೋಡಿದ. ಬಳ್ಳಿ ಅಲ್ಲಿದ್ದ ಹಾಗೆಯೇ ಇಲ್ಲಿಯೂ ಹಸಿರಾಗಿ ನಿಂತಿತ್ತು.

ಡಬ್ಬಿ ಎತ್ತಿಕೊಂಡು ಹೊರಗೆ ಬಂದ. ಬಂದವನ ಬಾಯಿಗೆ ತಾರಾಬಾಯಿ ಒಂದು ಪೇಡೆ ತುರುಕಿದರು.

“ತಿನ್ನೋ ತಮ್ಮಾ, ಬಾಯಿ ಸೀ ಮಾಡ್ಕೊ! ಹುಡುಗಿ ಪಸಂತ ಆತು! ಹುಡುಗಿನೂ ಹೂಂ ಅಂದ್ಲು!”

ಜಿನೇಂದ್ರ ಡಬ್ಬಿಯನ್ನು ಕೆಳಗಿಟ್ಟ. ಹೂಂ ಅಂದಳೇ? ನೆರಳು, ಹಿನ್ನೆಲೆ ಬಿಟ್ಟು ಬೇರೆ ಮಾತೇ ಬರದ ತನಗೆ? ಮೆಸೇಜು ಯಾರು ಬರೆದರೇನು, ಇನ್ನು ಎದುರಿಗೇ ಕೂತು ಕೇಳುತ್ತಾಳಲ್ಲ! ಗೋಡೆಗೆ ಒರಗಿ ತಲೆ ತಗ್ಗಿಸಿ ನಿಂತಿದ್ದ ತ್ರಿಶಲಾಳನ್ನು ನೋಡುವ ಧೈರ್ಯ ಸಾಲದೆ, ಮೊದಲು ಪದ್ಮವ್ವನ ಕಾಲಿಗೆ ಬಿದ್ದ.

“ಇರ್ಲಿ ಬಿಡಪಾ,” ಪದ್ಮವ್ವ ಗಾಬರಿಯಾದರು. “ರಿಪೇರಿ ಆತ?”

ಅದೂ ಒಂದು ಚೇಷ್ಟೆಯಿರಬೇಕೆಂದು ಜಿನೇಂದ್ರ ನಾಚಿ ನಕ್ಕು, ತಾತ್ಯಾಸಾಹೇಬರ ಕಾಲಿಗೆ ಬಿದ್ದ.

“ನನಗ್ಯಾಕ ಬೀಳ್ತಿಯೋ ಹುಚ್ಚಾ?” ತಾತ್ಯಾಸಾಹೇಬರು ಕಾಲು ಹಿಂದಕ್ಕೆಳೆದುಕೊಂಡರು. “ಬೀಳಬೇಕಾದಾಂವ ಅಲ್ಲಿ ಕುಂತಾನ ನೋಡು, ದೇವರಂಗ!”

ಜಿನೇಂದ್ರ ಬಗ್ಗಿದ್ದಲ್ಲಿಂದಲೇ ತಲೆ ಹೊರಳಿಸಿದ. ಚಾಪೆಯ ನಡುವೆ ಶೀತಲ ಕೂತಿದ್ದ. ಹಣೆಗೆ ಕುಂಕುಮ, ಮಡಿಲಲ್ಲಿ ತೆಂಗಿನಕಾಯಿ. ಬ್ರೇಕಿಲ್ಲದ ಬಾಯಿ ಮೊದಲ ಸಲ ನಿಂತುಹೋಗಿತ್ತು.

ಪೇಡೆ ಜಿನೇಂದ್ರನ ಅಂಗುಳಿಗೆ ಅಂಟಿಕೊಂಡಿತು. ನುಂಗುವಂತೆಯೂ ಇಲ್ಲ, ಉಗುಳುವಂತೆಯೂ ಇಲ್ಲ.

ತಾರಾಬಾಯಿ ಅವನನ್ನು ಬಾಗಿಲ ಮರೆಗೆ ಕರೆದೊಯ್ದು ಪಿಸುಗುಟ್ಟಿದರು. “ನಾ ಹೇಳಾಕಿ ಇದ್ನಿ ತಮ್ಮಾ, ಹುಡುಗ ಈಂವಲ್ಲ, ಒಳಗ ಅದಾನಂತ. ಅವರು ಶೀತಲಗ ಕೇಳಾಕ ಶುರು ಮಾಡಿದ್ರು, ಅಂವ ಹೇಳಾಕ ಶುರು ಮಾಡಿದ. ಮಾತು ಮುಂದ ಮುಂದ ಹೋಗಿಬಿಡ್ತು. ನಿಂದ್ರಸೂದ ಹೆಂಗ ಹೇಳು? ತೋಟದ ಹುಡುಗಗ ಯಾರೂ ಹೆಣ್ಣ ಕೊಡವಲ್ರು, ತಾತ್ಯಾ ನನ್ನ ಕೈ ಹಿಡದ ಕಣ್ಣೀರ ಹಾಕಿದ. ನಿಂದೇನ, ನೀ ಒಬ್ಬಾಂವನ ಇದ್ದ ರೂಢಿ ಆಗೇತಿ.”

ರೂಢಿಯಾಗಿದೆ ಎಂಬುದು ಜಿನೇಂದ್ರನಿಗೆ ಹೊಸ ಸುದ್ದಿ. ಆದರೂ ತಲೆಯಾಡಿಸಿದ.

ಪಿಕಪ್ಪಿಗೆ ಡಬ್ಬಿ ಏರಿಸುವಾಗ ತ್ರಿಶಲಾ ಹೊರಗೆ ಬಂದಳು. ಈಗ ಅವಳ ಮುಖದಲ್ಲಿ ಅಂಜಿಕೆಯಿರಲಿಲ್ಲ. “ಬಳ್ಳಿ ಭಾಳ ಚಲೋ ಮಾಡೀರಿ,” ಎಂದಳು. ಆಮೇಲೆ ದನಿ ತಗ್ಗಿಸಿ, “ಗಡಿಬಿಡಿ ಮಾಡಿದ್ನೇನೋ ಅನಸತೈತಿ. ಆದ್ರ ದಿನಾ ಈ ಡಬ್ಬಿ ಮುಂದ ಒಬ್ಬಾಕಿನ ಕುಂತು ಸಾಕಾಗಿತ್ರಿ. ಯಾರರ ಬಂದು ಸುಮ್ಮನ ಮಾತಾಡಿದ್ರ ಸಾಕಾಗಿತ್ತು. ನಿಮಗ ಗೊತ್ತಾಗಂಗಿಲ್ಲ ಬಿಡ್ರಿ, ನಿಮ್ಮದು ಬರೇ ಕೆಲಸದ ಮಾತು.”

“ಹೌದ್ರಿ,” ಎಂದ ಜಿನೇಂದ್ರ.

ಅಷ್ಟರಲ್ಲಿ ಹೊಸ ಬೀಗರ ಉಮೇದಿನಲ್ಲಿ ತಾತ್ಯಾಸಾಹೇಬರು ಬಂದು ಅವನ ಬೆನ್ನಿಗೆ ಬಾರಿಸಿದರು. “ಇನ್ನ ನಿನ್ನ ತ್ರಾಸ ತಪ್ಪಿತು ನೋಡಲೇ ಜಿನ್ಯಾ! ಮದವಿ ಆದ ಮ್ಯಾಲ ಸೊಸಿಗೆ ಅಥಣ್ಯಾಗ ಅಂಗಡಿ ಹಾಕಿ ಕೊಡ್ತೇನಿ. ಚಿತ್ರಾನೂ ಅಕಿನ, ಅಕ್ಷರಾನೂ ಅಕಿನ. ಅಲ್ಲಿಂದ ಇಲ್ಲಿಗೆ ಫೈಲ್ ಹೊರೂದೂ ಇಲ್ಲ, ಕರಿ ಆಗೂದೂ ಇಲ್ಲ. ಪುಟಾ ಕಟ್ಟೂದಷ್ಟ ನೀ ಕಲಸ್ಬೇಕು.”

“ಕಲಸ್ತೀರೇನ್ರಿ, ಅಣ್ಣಾ?” ತ್ರಿಶಲಾ ಮನಸಾರೆ ಕೇಳಿದಳು.

“ಕಲಸ್ತೇನ್ರಿ.”

ಮರಳುವಾಗ ಅವನ ಜೊತೆ ಹಿಂದೆ ಒಂದು ಬುಟ್ಟಿ ಕುಂಬಳಕಾಯಿ ಇತ್ತು. ಬೀಗರ ಮನೆಯ ಉಡುಗೊರೆ. ಹೊರಗಿನ ಕೋಣೆಯಲ್ಲಿ ಎಲ್ಲರಿಗೂ ಊಟವಾಗಿತ್ತು, ರಿಪೇರಿಯವನು ಒಳಗಿದ್ದಾನೆಂಬುದು ಗದ್ದಲದಲ್ಲಿ ಮರೆತುಹೋಗಿತ್ತು. ಕೃಷ್ಣೆಯ ಮೇಲೆ ಹೊತ್ತು ಮುಳುಗಿತು. ಇನ್ನು ನಾಳೆಯೇ ಊಟ. ಮುಂದಿನ ಗಾಜಿನೊಳಗೆ ಮೂರು ತಲೆಗಳು ಮೊದಲಿಗಿಂತ ಜೋರಾಗಿ ನಗುತ್ತಿದ್ದವು. ಕುಂಬಳಕಾಯಿ ಉರುಳದಂತೆ ಜಿನೇಂದ್ರ ಒಂದು ಕಾಲು ಅಡ್ಡ ಇಟ್ಟುಕೊಂಡು ಕೂತ.

ಚಿಕ್ಕೋಡಿಯಿಂದಲೇ ಮಿರಜಿಗೆ ಕಳಿಸುವುದು ಆ ಗದ್ದಲದಲ್ಲಿ ಉಳಿದುಹೋಗಿತ್ತು. ಅಂಗಡಿಗೆ ಬಂದು, ಮುಖ ತೊಳೆದು, ಕೈಪಿಡಿಯ ಪುಟಗಳ ಸುತ್ತ ಬಳ್ಳಿಯನ್ನು ಹಬ್ಬಿಸಿ ಮಿರಜಿಗೆ ಕಳಿಸಿದ. ಸ್ವಲ್ಪ ಹೊತ್ತಿಗೆ ಪ್ರೆಸ್ಸಿನ ಬಾಳಾಸಾಬರ ಫೋನು ಬಂತು.

“ಚೌಗಲಾ, ಬಾರ್ಡರ್ ಭಾರಿ ಬಂದೈತಲ್ರೀ! ಒಂದ ಎಲಿನೂ ಕೆಟ್ಟಿಲ್ಲ. ಇಷ್ಟ ಸ್ವಚ್ಛ ಫೈಲ್ ನಮ್ಮ ಪ್ರೆಸ್ಸಿಗೆ ಯಾವತ್ತೂ ಬಂದಿಲ್ಲ. ಯಾರ ಮಾಡಿದ್ದು?”

ಜಿನೇಂದ್ರ ಪರದೆಯ ಮೇಲಿನ ಹಸಿರನ್ನು ನೋಡಿದ.

“ಚಿಕ್ಕೋಡಿಯ ತ್ರಿಶಲಾ ಗ್ರಾಫಿಕ್ಸಿನವರ್ರಿ,” ಎಂದ. “ಅವರ ಕೆಲಸ ಯಾವತ್ತೂ ಹಿಂಗ ಇರತೈತಿ. ಒಂದ ತಪ್ಪೂ ಇರಂಗಿಲ್ಲ.”

“ಹಂಗಾದ್ರ ಭಾಳ ಚಲೋ ಆತು. ಇನ್ನ ಮ್ಯಾಲ ನಮ್ಮ ಕೆಲಸಾ ಎಲ್ಲಾ ನೆಟ್ಟಗ ಅವರಿಗೇ ಕಳಸ್ತೇನಿ. ನಡುವ ನಿಮಗ ಸುಮ್ಮನ ಯಾಕ ತ್ರಾಸ? ಅವರ ನಂಬರ್ ಹೇಳ್ರಿ, ಬರ್ಕೊಂತೇನಿ. ಫೋನ್‌ದಾಗ ಹುಡಿಕ್ಯಾಡಿ ಆಮ್ಯಾಲ ಕಳಿಸಿದ್ರೂ ನಡೀತೈತಿ.”

ಹುಡುಕಾಡುವ ಅಗತ್ಯ ಬೀಳಲಿಲ್ಲ. ಕತ್ತಲು ತುಂಬಿದ್ದ ಅಂಗಡಿಯಲ್ಲಿ ನಿಂತು ಜಿನೇಂದ್ರ ಒಂದೊಂದೇ ಅಂಕಿಯನ್ನು ನಿಧಾನವಾಗಿ, ತಪ್ಪಿಲ್ಲದೆ, ಬಾಯಿಪಾಠವಾಗಿ ಒಪ್ಪಿಸಿದ.